ಹೋಗುವ ದಾರಿ, ಬರುವ ದಾರಿ



ಈ ಸಂಚಿಕೆಗೂ ಸಂಪಾದಕರು ನಮ್ಮಿಂದ ಸಕ್ಕರೆ ಕಾಯಿಲೆಯ ಬಗ್ಗೆಯೋ ರಕ್ತದೊತ್ತಡದ ಬಗ್ಗೆಯೋ ಎರಡು ಪುಟ ನಿರೀಕ್ಷಿಸಿದ್ದರು. "ಡಾಕ್ಟರೇ, ಹಬ್ಬದ ಸಂಚಿಕೆ, ಹೋಳಿಗೆ ತಿನ್ನಬೇಡಿ ಎಂದು ಮಾತ್ರ ಬರೆಯಬೇಡಿ" ಎಂದು ಮೊದಲೇ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಅವರ ಮಾತಿಗೆ ಮರ್ಯಾದೆ ಕೊಟ್ಟು ಈ ಸಲ ಹೋಳಿಗೆಯ ಗೋಜಿಗೆ ಹೋಗುವುದಿಲ್ಲ. ಕಳೆದ ರಾಜ್ಯೋತ್ಸವದ ಶನಿವಾರ ರೈಸ್‌ವೈಕಿನ ನಮ್ಮ ಬಾಡಿಗೆ ಸಭಾಂಗಣದಲ್ಲಿ ಮಾತು ನಿಲ್ಲಿಸಿ ಕುಳಿತ ಒಬ್ಬ ರೋಗಿಯ ಕಥೆ ಹೇಳುತ್ತೇವೆ. ಆ ರೋಗಿ ಬೇರೆ ಯಾರೂ ಅಲ್ಲ, ಕೆಳಗಿನ ಅಂತಸ್ತಿನ ಕಪಾಟಿನಲ್ಲಿರುವ ನಮ್ಮ ಸಂಘದ ಸರ್ವರ್.

ಹೊಸದಾಗಿ ಸೇರಿದ ಸದಸ್ಯರಿಗೆ ನಮ್ಮ ಪರಿಚಯ ಒಂದೆರಡು ಮಾತಿನಲ್ಲಿ. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ ರೆಸಿಡೆನ್ಸಿ ಮಾಡಿ, ಮನೆಯವರ ಉದ್ಯೋಗದ ನಿಮಿತ್ತ 2001ರಲ್ಲಿ ಹಾಲೆಂಡಿಗೆ ಬಂದು, ತಲೆ ಸ್ವಲ್ಪ ನರೆತ ಮೇಲೆ ಡಚ್ ಭಾಷೆ ಕಲಿತು ಮತ್ತೆ ಪರೀಕ್ಷೆಗೆ ಕುಳಿತವರು ನಾವು. ಕಂಪ್ಯೂಟರ್ ನಮ್ಮ ವಿದ್ಯೆಯಲ್ಲ. ಸಂಘದ ಸದಸ್ಯರಲ್ಲಿ ಅರ್ಧದಷ್ಟು ಜನ ಸಾಫ್ಟ್‌ವೇರಿನವರೇ. ಆದರೂ ಈ ಕೆಲಸ ನಮ್ಮ ಕೊರಳಿಗೆ ಬಿದ್ದದ್ದು ಹೇಗೆಂದರೆ, ಅಂದು ಅವರಲ್ಲಿ ಬಹುಮಂದಿ ಬಿಸಿಬೇಳೆಬಾತಿನ ಉಸ್ತುವಾರಿಯಲ್ಲಿದ್ದರು. ಉಳಿದವರು "ನಮ್ಮದು ಜಾವಾ, ನೆಟ್‌ವರ್ಕ್ ಅಲ್ಲ" ಎಂದು ಕೈಮುಗಿದರು. ಹೃದಯದ ಡಾಕ್ಟರರ ಹತ್ತಿರ ಮಂಡಿನೋವು ಹೇಳಿಕೊಂಡರೆ ಅವರೂ ಹೀಗೆಯೇ ಕೈಮುಗಿಯುತ್ತಾರೆ. ಆದ್ದರಿಂದ ನಮಗೆ ಬೇಸರವಾಗಲಿಲ್ಲ.

ಈ ಸರ್ವರ್ ಎಂದರೆ ಸದಸ್ಯರೊಬ್ಬರು ಹಳತಾಯಿತೆಂದು ತಂದುಕೊಟ್ಟ ಒಂದು ಕಪ್ಪು ಡಬ್ಬ. ಇನ್ನೂ ಜೆರಾಕ್ಸ್ ಮಾಡಿ ಹಂಚುತ್ತಿರುವ ನಮ್ಮ ಈ ಪತ್ರಿಕೆಯ ಹಳೆಯ ಸಂಚಿಕೆಗಳು, ಮಕ್ಕಳ ಕನ್ನಡ ತರಗತಿಯ ಪಾಠಗಳು, ನಮ್ಮವರು ಆಡಿದ ನಾಟಕಗಳ ವಿಡಿಯೋ, ಎಲ್ಲವೂ ಅದರಲ್ಲಿವೆ. ಎಲ್ಲಕ್ಕಿಂತ ಮುಖ್ಯವಾಗಿ ಅದರಲ್ಲಿ ಹಿರಿಯರ ದನಿಗಳಿವೆ. ಸದಸ್ಯರ ಮನೆಗಳಲ್ಲಿ ಟ್ರಂಕಿನ ತಳದಲ್ಲಿದ್ದ ಹಳೆಯ ಕ್ಯಾಸೆಟ್‌ಗಳನ್ನು ಒಂದು ಚಳಿಗಾಲವಿಡೀ ಕುಳಿತು ಕಂಪ್ಯೂಟರಿಗೆ ಇಳಿಸಿದೆವು. ಅಜ್ಜಿಯರ ಕಥೆ, ಅಜ್ಜಂದಿರ ಬೈಗುಳ, ಮದುವೆಮನೆಯ ಗದ್ದಲ, ಒಂದೆರಡು ಕಡೆ ಹಿನ್ನೆಲೆಯಲ್ಲಿ ಕರು ಕೂಗುವುದು. ಮನೆಯ ಹಿರಿಯರ ದನಿಯನ್ನು ಇಂಟರ್‌ನೆಟ್ಟಿಗೆ ಹಾಕುವುದು ಬೇಡವೆಂದು ಕೆಲವು ಕುಟುಂಬಗಳು ಹೇಳಿದ್ದರಿಂದ ಅವನ್ನು ಸಭಾಂಗಣದ ಡಬ್ಬದಲ್ಲೇ ಇಟ್ಟಿದ್ದೇವೆ.

ಆ ಶನಿವಾರ ನಾಲ್ಕು ಗಂಟೆಗೆ ಮೇಲಿನ ಅಂತಸ್ತಿನ ತರಗತಿಯಲ್ಲಿ ಮಕ್ಕಳು ಒಬ್ಬೊಬ್ಬರು ಒಂದೊಂದು ದನಿಯನ್ನು ಕೇಳಿ, ಕೇಳಿದ್ದನ್ನು ಐದು ಸಾಲು ಕನ್ನಡದಲ್ಲಿ ಬರೆಯಬೇಕಿತ್ತು. ಐದು ಗಂಟೆಗೆ ಅದನ್ನು ವೇದಿಕೆಯ ಮೇಲೆ ಓದಬೇಕಿತ್ತು. ಮೂರೂವರೆಗೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮೆಟ್ಟಿಲಿಳಿದು ಬಂದು, "ಸರ್ವರ್ ಸತ್ತುಹೋಗಿದೆ" ಎಂದಳು. ಕೆಳಗೆ ಕುಳಿತಿದ್ದ ಕಾರ್ಯದರ್ಶಿಯವರು ತಮ್ಮ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿ, "ಎಲ್ಲಿ ಸತ್ತಿದೆ? ಇಗೋ ನೋಡು, ಎಲ್ಲಾ ಇದೆ" ಎಂದರು. ಅವರ ಪರದೆಯಲ್ಲಿ ನಿಜವಾಗಿಯೂ ಎಲ್ಲವೂ ಇತ್ತು. ಮೇಲೆ ಹೋಗಿ ನೋಡಿದರೆ ಎಂಟು ಲ್ಯಾಪ್‌ಟಾಪಿನಲ್ಲಿ ಒಂದರಲ್ಲೂ ಏನೂ ಇಲ್ಲ. ಆದರೆ ಅದೇ ಎಂಟು ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಮಾತ್ರ ಸೊಗಸಾಗಿ ಬರುತ್ತಿತ್ತು. ಮೇಲಿನವರು ಸುಳ್ಳು ಹೇಳುತ್ತಿರಲಿಲ್ಲ, ಕೆಳಗಿನವರೂ ಸುಳ್ಳು ಹೇಳುತ್ತಿರಲಿಲ್ಲ. ಆದರೂ ಹತ್ತು ನಿಮಿಷ ವಾದ ನಡೆಯಿತು. ಸಂಘ ಎಂದ ಮೇಲೆ ಅದು ಇರಬೇಕಾದ್ದೇ.

* * *

ವೈದ್ಯರಿಗೆ ಕಲಿಸುವ ಮೊದಲ ಪಾಠ, ರೋಗಿಯನ್ನು ಮುಟ್ಟುವ ಮೊದಲು ಕೇಳು ಎಂದು. ಯಾವಾಗಿನಿಂದ? ಅದಕ್ಕೆ ಮೊದಲು ಏನಾದರೂ ಬದಲಾಯಿತೇ? ನಾವೂ ಅದನ್ನೇ ಕೇಳಿದೆವು. "ಏನೂ ಬದಲಾಗಿಲ್ಲ ಡಾಕ್ಟರೇ, ಹೋದ ತಿಂಗಳು ಸರಿಯಾಗಿತ್ತು" ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ರೋಗಿಗಳೂ ಇದನ್ನೇ ಹೇಳುತ್ತಾರೆ. ಹೊಸ ಮಾತ್ರೆ ನುಂಗಲು ಶುರು ಮಾಡಿದ ವಿಷಯ ಅವರಿಗೆ ನೆನಪಾಗುವುದು ಬಾಗಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟುವಾಗ. ಅದು ನಮಗೆ ಗೊತ್ತಿದ್ದುದರಿಂದ ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪರೀಕ್ಷೆಗೆ ಹೊರಟೆವು.

ಐಂಡ್‌ಹೋವನ್‌ನಲ್ಲಿರುವ ನಮ್ಮ ಸದಸ್ಯರೊಬ್ಬರು ನೆಟ್‌ವರ್ಕ್ ಕೆಲಸವನ್ನೇ ಮಾಡುವವರು. ಅಂದು ಅವರಿಗೆ ಬರಲಾಗಿರಲಿಲ್ಲ. ಫೋನಿನಲ್ಲಿ ಸಿಕ್ಕರು. ಫೋನನ್ನು ಮೇಜಿನ ಮೇಲಿಟ್ಟು, ಆ ಹುಡುಗಿಯನ್ನು ಸಹಾಯಕಿಯನ್ನಾಗಿ ಕೂರಿಸಿಕೊಂಡೆವು. ಟೈಪು ಮಾಡುವುದರಲ್ಲಿ ಅವಳ ಬೆರಳು ನಮ್ಮದಕ್ಕಿಂತ ಚುರುಕು.

ಮೊದಲು ಯಂತ್ರದ ವಿಳಾಸ. ನೆಟ್‌ವರ್ಕಿನಲ್ಲಿ ಪ್ರತಿ ಕಂಪ್ಯೂಟರಿಗೂ ಮನೆ ನಂಬರಿನ ಹಾಗೆ ಒಂದು ಸಂಖ್ಯೆ ಇರುತ್ತದೆ. ಅವಳ ಲ್ಯಾಪ್‌ಟಾಪಿನದು 192.168.20.37. ಕೆಳಗಿನ ಸರ್ವರಿನದು 192.168.10.5. ಮೂರನೆಯ ಅಂಕಿಯನ್ನು ನೋಡಿ, ಮೇಲೆ 20, ಕೆಳಗೆ 10. ಊರಿನ ಲೆಕ್ಕದಲ್ಲಿ ಹೇಳುವುದಾದರೆ ಇವು ಎರಡು ಬೇರೆ ಬೇರೆ ಓಣಿಗಳು. ಒಂದೇ ಓಣಿಯಲ್ಲಿದ್ದರೆ ಜಗಲಿಯ ಮೇಲೆ ನಿಂತು ಕೂಗಿದರೆ ಸಾಕು, ಎದುರುಮನೆಯವರಿಗೆ ಕೇಳುತ್ತದೆ. ಕಂಪ್ಯೂಟರ್ ಮಾಡುವುದೂ ಅದನ್ನೇ. "ಇಂಥ ನಂಬರಿನವರು ಯಾರು?" ಎಂದು ತನ್ನ ಓಣಿಗೆಲ್ಲ ಕೇಳುವಂತೆ ಕೂಗುತ್ತದೆ. ಆ ನಂಬರಿನ ಯಂತ್ರ ಓಗೊಡುತ್ತದೆ. ಬೇರೆ ಓಣಿಯವರಿಗೆ ಈ ಕೂಗು ಕೇಳುವುದಿಲ್ಲ. ಅವರಿಗೇನಾದರೂ ಹೇಳಬೇಕಾದರೆ ಕಾಗದ ಬರೆದು ಓಣಿಯ ಮೂಲೆಯ ಅಂಚೆಯವನ ಕೈಗೆ ಕೊಡಬೇಕು. ಈ ಅಂಚೆಯವನೇ ರೂಟರ್. ಎರಡೂ ಓಣಿಗೂ ಒಂದೊಂದು ಬಾಗಿಲಿಟ್ಟುಕೊಂಡು ನಡುವೆ ಕುಳಿತಿರುತ್ತಾನೆ. ಮೇಲಿನ ಓಣಿಯ ಕಡೆಗೆ ಅವನ ಬಾಗಿಲಿನ ನಂಬರು 192.168.20.1, ಕೆಳಗಿನ ಓಣಿಯ ಕಡೆಗೆ 192.168.10.1. ತನ್ನ ಓಣಿಯ ಅಂಚೆಯವನ ಬಾಗಿಲು ಯಾವುದೆಂದು ಪ್ರತಿ ಕಂಪ್ಯೂಟರಿಗೂ ತಿಳಿದಿರಬೇಕು. ಅದಕ್ಕೆ ಗೇಟ್‌ವೇ ಎಂದು ಹೆಸರು.

ನಾವು ಕುಳಿತಿದ್ದ ಊರೇ ಇಂಥ ಮಧ್ಯಸ್ಥಿಕೆಗೆ ಚರಿತ್ರೆಯಲ್ಲಿ ಹೆಸರಾದ ಊರು. ನಮ್ಮ ಮಕ್ಕಳು ಸೈಕಲ್ ಕಲಿಯುವ ರೈಸ್‌ವೈಕಿನ ಕಾಡಿನಲ್ಲಿ 'ಸೂಜಿ' ಎಂದು ಕರೆಯುವ ಕಲ್ಲಿನ ಕಂಬವನ್ನು ನೀವು ನೋಡಿರುತ್ತೀರಿ. ಅದನ್ನು ನಿಲ್ಲಿಸಿದ್ದು 1792ರಿಂದ 1794ರ ನಡುವೆ. ಅದಕ್ಕೆ ಮೊದಲು ಅಲ್ಲಿ ಅರಮನೆಯೊಂದಿತ್ತು. ಒಂಬತ್ತು ವರ್ಷದ ಯುದ್ಧ ಮುಗಿಸಲು 1697ರಲ್ಲಿ ಒಂದು ಕಡೆ ಫ್ರಾನ್ಸು, ಇನ್ನೊಂದು ಕಡೆ ಹಾಲೆಂಡು, ಇಂಗ್ಲೆಂಡು ಮುಂತಾದ ಮಿತ್ರರಾಷ್ಟ್ರಗಳು ಅಲ್ಲಿ ಸೇರಿದವು. ಯಾರು ಯಾರಿಗೆ ಮೊದಲು ದಾರಿ ಬಿಡಬೇಕೆಂಬ ಜಗಳ ಬರಬಾರದೆಂದು ಅರಮನೆಯ ಒಂದು ಪಾರ್ಶ್ವದ ಬಾಗಿಲಿನಿಂದ ಫ್ರೆಂಚರು, ಇನ್ನೊಂದು ಪಾರ್ಶ್ವದಿಂದ ಮಿತ್ರರಾಷ್ಟ್ರದವರು, ನಡುವಿನ ಬಾಗಿಲಿನಿಂದ ಮಧ್ಯಸ್ಥನಾದ ಸ್ವೀಡನ್ನಿನ ರಾಯಭಾರಿ ಬರಬೇಕೆಂದು ಏರ್ಪಾಡಾಯಿತು. ಕಾಗದಗಳು ಮಧ್ಯಸ್ಥನ ಮೂಲಕ ಅತ್ತಿಂದಿತ್ತ ಓಡಾಡಿದವು. ಡಚ್ಚರು 1693ರಲ್ಲಿ ಗೆದ್ದುಕೊಂಡಿದ್ದ ನಮ್ಮ ಕಡೆಯ ಪುದುಚೇರಿಯನ್ನು ಫ್ರೆಂಚರಿಗೆ ಹಿಂದಿರುಗಿಸಬೇಕೆಂದು ತೀರ್ಮಾನವಾದದ್ದೂ ಇಲ್ಲಿಯೇ. 1697ರ ಸೆಪ್ಟೆಂಬರಿನಲ್ಲಿ ಇಲ್ಲಿ ಬಿದ್ದ ಸಹಿ ಜಾರಿಗೆ ಬಂದು ಆ ಊರು ಕೈ ಬದಲಾಗುವ ಹೊತ್ತಿಗೆ 1699 ಆಗಿತ್ತು. ಮಧ್ಯಸ್ಥ ಎಷ್ಟೇ ಒಳ್ಳೆಯವನಾಗಿರಲಿ, ಎರಡೂ ಕಡೆಯವರಿಗೆ ಅವನ ಬಾಗಿಲು ಗೊತ್ತಿದ್ದರೆ ಮಾತ್ರ ಮಾತುಕತೆ. ಈ ಮಾತು ಮುಂದೆ ಬೇಕಾಗುತ್ತದೆ, ದಯವಿಟ್ಟು ನೆನಪಿಟ್ಟುಕೊಳ್ಳಿ.

ವಿಳಾಸ ಸರಿಯಾಗಿದೆ ಎಂದಾದ ಮೇಲೆ ಪಿಂಗ್. ಇದು ನೆಟ್‌ವರ್ಕಿನವರ ಸ್ಟೆತೊಸ್ಕೋಪು. ಅಮೆರಿಕದ ಮೈಕ್ ಮೂಸ್ ಎಂಬವರು 1983ರ ಡಿಸೆಂಬರಿನಲ್ಲಿ ನೆಟ್‌ವರ್ಕಿನ ಒಂದು ತೊಂದರೆಯನ್ನು ಹುಡುಕಲೆಂದು ಬರೆದ ಪುಟ್ಟ ಪ್ರೋಗ್ರಾಂ ಇದು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ನೀರಿನಲ್ಲಿ ಕಳಿಸುವ ಸದ್ದಿನ ಹೆಸರನ್ನೇ ಅದಕ್ಕೆ ಇಟ್ಟರು. ಅದು ಆ ಕಡೆಯ ಯಂತ್ರಕ್ಕೆ "ಕೇಳಿಸುತ್ತಾ?" ಎಂದು ಒಂದು ಚೀಟಿ ಕಳಿಸುತ್ತದೆ. ಆ ಕಡೆಯವರು "ಹೂಂ" ಎಂದು ಚೀಟಿ ವಾಪಸ್ಸು ಕಳಿಸಬೇಕು. ಹತ್ತಿರದಿಂದ ದೂರಕ್ಕೆ ಹೋಗುತ್ತಾ ಹೀಗೆ ಕೇಳಬೇಕೆಂದು ಐಂಡ್‌ಹೋವನ್ನಿನವರು ಹೇಳಿದರು. ಹುಡುಗಿ ತನ್ನ ಓಣಿಯ ಬಾಗಿಲನ್ನು, ಅಂದರೆ 20.1ನ್ನು ಕೇಳಿದಳು. ಹೂಂ ಬಂತು. ಅದೇ ಅಂಚೆಯವನ ಕೆಳಗಿನ ಬಾಗಿಲು 10.1ನ್ನು ಕೇಳಿದಳು. ಅಲ್ಲಿಂದಲೂ ಹೂಂ. ಸರ್ವರ್ 10.5ನ್ನು ಕೇಳಿದಳು. ಉತ್ತರವಿಲ್ಲ. ದಾರಿಯಲ್ಲಿ ಯಾರ ಯಾರ ಕೈ ದಾಟಿತೆಂದು ತೋರಿಸುವ ಟ್ರೇಸ್‌ರೂಟ್ ಹಾಕಿದರೆ, ಅಂಚೆಯವನ ತನಕ ಹೆಸರು ಬಂದು ಆಮೇಲೆ ಬರೀ ನಕ್ಷತ್ರಗಳು. ಕೆಳಗೆ ಕಾರ್ಯದರ್ಶಿಯವರ ಲ್ಯಾಪ್‌ಟಾಪಿನಿಂದ ಕೇಳಿಸಿದರೆ ಸರ್ವರ್ ತಕ್ಷಣ ಹೂಂ ಎನ್ನುತ್ತಿತ್ತು.

ಒಬ್ಬರು ಸರ್ವರಿನ ಫೈರ್‌ವಾಲ್ ತೆಗೆದುಹಾಕಿ ಎಂದರು. ಇನ್ನೊಬ್ಬರು ಕೇಬಲ್ ಬದಲಿಸಿ ಎಂದರು. ಮೂರನೆಯವರು ಎಲ್ಲವನ್ನೂ ಆರಿಸಿ ಹಾಕಿ ಎಂದರು. ರಾತ್ರಿ ಪಾಳಿಯಲ್ಲಿ ಹೊಸ ರೆಸಿಡೆಂಟುಗಳು ಹೀಗೆಯೇ ರೋಗ ತಿಳಿಯುವ ಮೊದಲೇ ಮೂರು ಬಗೆಯ ಔಷಧ ಬರೆಯುತ್ತಾರೆ. ಗಂಟೆ ನಾಲ್ಕಾಗಿತ್ತು.

* * *

ಆಗ ನಮಗೆ ಹೊಳೆದದ್ದು ಕಣ್ಣಿನ ಪಾಪೆ. ಪ್ರಜ್ಞೆ ತಪ್ಪಿದ ರೋಗಿಯ ಕಣ್ಣಿಗೆ ವೈದ್ಯರು ಟಾರ್ಚ್ ಬಿಡುವುದನ್ನು ಸಿನಿಮಾದಲ್ಲಾದರೂ ನೋಡಿರುತ್ತೀರಿ. ಆರೋಗ್ಯವಂತರ ಬಲಗಣ್ಣಿಗೆ ಬೆಳಕು ಬಿಟ್ಟರೆ ಎರಡೂ ಕಣ್ಣಿನ ಪಾಪೆ ಕುಗ್ಗುತ್ತದೆ. ಬೆಳಕು ಬಿದ್ದ ಸುದ್ದಿ ಒಂದು ನರದ ಮೂಲಕ ಮಿದುಳಿಗೆ ಹೋಗುತ್ತದೆ. ಕುಗ್ಗು ಎಂಬ ಅಪ್ಪಣೆ ಬೇರೊಂದು ನರದ ಮೂಲಕ ಎರಡು ಕಣ್ಣಿಗೂ ಹಿಂದಿರುಗುತ್ತದೆ. ಈಗ, ಬಲಗಣ್ಣಿಗೆ ಬೆಳಕು ಬಿಟ್ಟಾಗ ಬಲಪಾಪೆ ಕದಲಲಿಲ್ಲ ಎನ್ನೋಣ. ಸುದ್ದಿ ಹೋಗಲೇ ಇಲ್ಲವೋ, ಹೋಗಿಯೂ ಅಪ್ಪಣೆ ಬರಲಿಲ್ಲವೋ? ಆ ಒಂದೇ ಕಣ್ಣನ್ನು ಎಷ್ಟು ಹೊತ್ತು ದಿಟ್ಟಿಸಿದರೂ ತಿಳಿಯದು. ಅದಕ್ಕೆ ಇನ್ನೊಂದು ಕಣ್ಣನ್ನು ನೋಡಬೇಕು. ಎಡಪಾಪೆ ಕುಗ್ಗಿದ್ದರೆ ಸುದ್ದಿ ಮಿದುಳಿಗೆ ತಲುಪಿದೆ ಎಂದರ್ಥ. ಕೆಟ್ಟಿರುವುದು ಬಲಗಣ್ಣಿಗೆ ಹಿಂದಿರುಗುವ ದಾರಿ.

ನಾವು ಮೇಲಿನ ಅಂತಸ್ತಿನಲ್ಲೇ ಕುಳಿತು ಅರ್ಧ ಗಂಟೆಯಿಂದ ಮಾಡುತ್ತಿದ್ದದ್ದು ಆ ಒಂದೇ ಕಣ್ಣನ್ನು ದಿಟ್ಟಿಸುವ ಕೆಲಸ. ಉತ್ತರ ಬರಲಿಲ್ಲ ಎಂಬುದೊಂದೇ ನಮಗೆ ಗೊತ್ತಿತ್ತು. ನಮ್ಮ ಚೀಟಿ ಅಲ್ಲಿಗೆ ಮುಟ್ಟಿತೇ ಇಲ್ಲವೇ ಎಂಬುದು ಗೊತ್ತಿರಲಿಲ್ಲ. "ಸರ್ವರಿನ ಹತ್ತಿರ ಕುಳಿತು, ಅದರ ಬಾಗಿಲಿಗೆ ಏನು ಬರುತ್ತಿದೆ ಎಂದು ನೋಡುವ ಉಪಾಯವಿದೆಯೇ?" ಎಂದು ಫೋನಿನಲ್ಲಿ ಕೇಳಿದೆವು. ಆ ಕಡೆ ಒಂದು ಕ್ಷಣ ಮೌನ. ಆಮೇಲೆ, "ಡಾಕ್ಟರೇ, ಅದನ್ನು ನಾನೇ ಮೊದಲು ಹೇಳಬೇಕಿತ್ತು" ಎಂದರು.

ಹುಡುಗಿಯನ್ನು ಮೇಲೆಯೇ ಬಿಟ್ಟು, ಪಿಂಗ್ ನಿಲ್ಲಿಸಬೇಡವೆಂದು ಹೇಳಿ, ಕೆಳಗಿಳಿದು ಕಪಾಟು ತೆರೆದು ಡಬ್ಬಕ್ಕೆ ಹಳೆಯ ಮಾನಿಟರ್ ಜೋಡಿಸಿದೆವು. ಅವರು ಹೇಳಿದಂತೆ ಟಿಸಿಪಿಡಂಪ್ ಎಂಬ ಆಜ್ಞೆ ಕೊಟ್ಟೆವು. ಪರದೆಯ ಮೇಲೆ ಸಾಲುಗಳು ಹರಿಯತೊಡಗಿದವು. ಪ್ರತಿ ಸೆಕೆಂಡಿಗೂ ಒಂದು ಸಾಲು: 192.168.20.37ರಿಂದ ಕರೆ. ಮತ್ತೆ ಕರೆ. ಮತ್ತೆ ಕರೆ. ಮೇಲೆ ಕುಳಿತ ಹುಡುಗಿಯ ಒಂದೊಂದು ಚೀಟಿಯೂ ತಪ್ಪದೆ ಬಂದು ತಲುಪುತ್ತಿತ್ತು. ಕೇಬಲ್ ಸರಿಯಿತ್ತು, ಅಂಚೆಯವನು ಸರಿಯಿದ್ದ. ಉತ್ತರ ಮಾತ್ರ ಹೊರಡುತ್ತಿರಲಿಲ್ಲ. ಆದರೆ ಸರ್ವರ್ ಸುಮ್ಮನೆಯೂ ಕುಳಿತಿರಲಿಲ್ಲ. ಆ ಕರೆಗಳ ನಡುನಡುವೆ ಅದರದೇ ಒಂದು ಸಾಲು ಮತ್ತೆ ಮತ್ತೆ ಬರುತ್ತಿತ್ತು. ಕನ್ನಡದಲ್ಲಿ ಹೇಳಿದರೆ ಅದು ಇಷ್ಟು: "192.168.10.254 ಯಾರು? 192.168.10.5ಕ್ಕೆ ತಿಳಿಸಿ."

ಓದಿ ಹೇಳಿದ ಕೂಡಲೇ ಐಂಡ್‌ಹೋವನ್ನಿನವರು, "254 ಯಾರ ಬಾಗಿಲು?" ಎಂದರು. ಯಾರಿಗೂ ಗೊತ್ತಿಲ್ಲ. ಆಗ ಅಡಿಗೆಮನೆಯಿಂದ ಸೌಟು ಹಿಡಿದೇ ಬಂದ ಸದಸ್ಯರೊಬ್ಬರು, "ಎರಡು ವಾರದ ಹಿಂದೆ ಈ ಕಟ್ಟಡಕ್ಕೆ ಫೈಬರ್ ಬಂತಲ್ಲ, ಆಗ ಹಳೆಯ ರೂಟರ್ ತೆಗೆದು ಹೊಸದು ಹಾಕಿದರು" ಎಂದರು. ಚಪ್ಪಲಿ ಮೆಟ್ಟುವಾಗ ನೆನಪಾಗುವುದು ಎಂದೆವಲ್ಲ, ಅದೇ ಇದು.

ನಡೆದದ್ದಿಷ್ಟು. ಹಳೆಯ ಅಂಚೆಯವನ ಬಾಗಿಲು ಕೆಳಗಿನ ಓಣಿಯಲ್ಲಿ 254ರಲ್ಲಿತ್ತು. ಹೊಸಬನ ಬಾಗಿಲು 1ರಲ್ಲಿದೆ. ಲ್ಯಾಪ್‌ಟಾಪುಗಳು ಪ್ರತಿ ಸಲ ಹೊಸದಾಗಿ ವಿಳಾಸ ಕೇಳಿ ಪಡೆಯುವುದರಿಂದ ಅವುಗಳಿಗೆ ಹೊಸ ಬಾಗಿಲು ತಾನಾಗಿಯೇ ತಿಳಿಯಿತು. ಸರ್ವರಿನ ವಿಳಾಸ ದಿನಕ್ಕೊಂದು ಸಲ ಬದಲಾಗಬಾರದೆಂದು ನಾವೇ ಅದನ್ನು ಕೈಯಾರೆ ಬರೆದಿಟ್ಟಿದ್ದೆವು. ಅದರ ಜೊತೆಗೆ ಅಂಚೆಯವನ ಬಾಗಿಲನ್ನೂ 254 ಎಂದು ಬರೆದಿಟ್ಟಿದ್ದೆವು. ಅದನ್ನು ತಿದ್ದಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೆಳಗಿನ ಲ್ಯಾಪ್‌ಟಾಪು ಅದೇ ಓಣಿಯದು, ಅದಕ್ಕೆ ಉತ್ತರ ಕೊಡಲು ಅಂಚೆಯವನು ಬೇಕಿಲ್ಲ. ಆದ್ದರಿಂದ ಕಾರ್ಯದರ್ಶಿಯವರಿಗೆ ಎಲ್ಲವೂ ಕಾಣುತ್ತಿತ್ತು. ಮೇಲಿನವರಿಗೆ ಉತ್ತರ ಕೊಡಬೇಕಾದರೆ ಅಂಚೆಯವನು ಬೇಕು, ಅವನು ಆ ಬಾಗಿಲಿನಲ್ಲಿಲ್ಲ. ಸರ್ವರ್ ಪಾಪ, ಎರಡು ವಾರದಿಂದ, ಇಲ್ಲದವನ ಹೆಸರು ಹಿಡಿದು ಓಣಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಸರ್ವರ್ ಸತ್ತಿದೆ ಎಂದು ಮೇಲೆ ಕುಳಿತ ನಾವು ಹೇಳುತ್ತಿದ್ದೆವು.

* * *

ಇಲ್ಲಿಯವರೆಗೆ ತಮಾಷೆಯಾಗಿ ಬರೆದೆವು. ಆದರೆ ಆ ಪರದೆಯ ಮುಂದೆ ನಿಂತಾಗ ನಮಗೆ ಬೇರೊಂದು ವಿಷಯ ನೆನಪಾಯಿತು. ಅದನ್ನು ಹೇಳದಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರಲಿಲ್ಲ.

ನಮ್ಮ ಊರು ಅರಕಲಗೂಡು ತಾಲ್ಲೂಕಿನ, ರಾಮನಾಥಪುರದ ಕಡೆಯ ಒಂದು ಹಳ್ಳಿ. ನಾವು ಡೆಟ್ರಾಯಿಟ್‌ನಲ್ಲಿ ರೆಸಿಡೆಂಟ್ ಆಗಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಎದುರಿನ ದಿನಸಿ ಅಂಗಡಿಯಲ್ಲಿತ್ತು. ಶನಿವಾರ ರಾತ್ರಿ ಒಂಬತ್ತಕ್ಕೆ ನಾವು ಕಾರ್ಡು ತಿಕ್ಕಿ ಉದ್ದನೆಯ ನಂಬರು ಒತ್ತುತ್ತಿದ್ದೆವು. ಚಳಿಗಾಲದಲ್ಲಾದರೆ ಅಲ್ಲಿ ಆಗ ಭಾನುವಾರ ಬೆಳಗ್ಗೆ ಏಳೂವರೆ. ಅಮ್ಮ ಸ್ನಾನ ಮಾಡಿ ಅಂಗಡಿಯ ಬೆಂಚಿನ ಮೇಲೆ ಬಂದು ಕುಳಿತಿರುತ್ತಿದ್ದರು. "ಊಟ ಆಯ್ತಾ? ಅಲ್ಲಿ ಚಳಿಯಾ?" ಇಷ್ಟರಲ್ಲಿ ಕಾರ್ಡಿನ ದುಡ್ಡು ಮುಗಿಯುತ್ತಿತ್ತು. ವಾರ ತಪ್ಪದೆ ಫೋನ್ ಮಾಡುವ ಮಗು ಎಂದು ಊರಿನಲ್ಲಿ ನಮಗೆ ಒಳ್ಳೆಯ ಹೆಸರಿತ್ತು. ನಮಗೂ ಸಮಾಧಾನವಿತ್ತು, ಸಂಪರ್ಕ ಚೆನ್ನಾಗಿದೆ ಎಂದು.

ಆ ಅಂಗಡಿಯ ಫೋನಿಗೆ ಎಸ್‌ಟಿಡಿಯೇ ಇರಲಿಲ್ಲ, ಐಎಸ್‌ಡಿ ಮಾತಂತೂ ದೂರ. ನಾವು ಅಲ್ಲಿಗೆ ಮಾಡಬಹುದಿತ್ತು, ಅಲ್ಲಿಂದ ನಮಗೆ ಮಾಡುವಂತಿರಲಿಲ್ಲ. ಮಾಡಬೇಕೆಂದರೆ ಬಸ್ಸು ಹತ್ತಿ ಅರಕಲಗೂಡಿನ ಬೂತಿಗೆ ಹೋಗಬೇಕು. ನಮ್ಮ ನಂಬರು ಅಮ್ಮನ ಹತ್ತಿರ ಇದ್ದದ್ದು ನಾವು ಬಿಟ್ಟು ಎರಡು ವರ್ಷವಾಗಿದ್ದ ಹಳೆಯ ಬಾಡಿಗೆ ಮನೆಯದು. ಹೊಸದನ್ನು ಬರೆಸಬೇಕೆಂದು ನಮಗೆ ಒಂದು ಶನಿವಾರವೂ ಹೊಳೆದಿರಲಿಲ್ಲ, ಏಕೆಂದರೆ ಮಾಡುವವರು ಯಾವಾಗಲೂ ನಾವೇ.

1999ರ ಜನವರಿಯ ಒಂದು ಮಂಗಳವಾರ ಬೆಳಗ್ಗೆ ಹೂ ಬಿಡಿಸುತ್ತಿದ್ದಾಗ ಅಮ್ಮನ ಬಲಗೈ ಸೋತು ಬುಟ್ಟಿ ಕೆಳಗೆ ಬಿತ್ತಂತೆ. ಮಾತು ತೊದಲಿತಂತೆ. ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಯಿತು. ಅಕ್ಕಪಕ್ಕದವರು ಗಾಬರಿಯಾದಾಗ, "ಭಾನುವಾರ ಹೇಗೂ ಫೋನ್ ಬರುತ್ತಲ್ಲ, ಆಗ ಹೇಳಿದರಾಯಿತು, ಡಾಕ್ಟರೇ ಇರುವಾಗ ಇನ್ನೇನು" ಎಂದರಂತೆ. ವೈದ್ಯರಾದ ನಮಗೆ ಆ ಅರ್ಧ ಗಂಟೆಯ ಅರ್ಥ ಗೊತ್ತು. ಮಿದುಳಿಗೆ ರಕ್ತ ಕ್ಷಣಕಾಲ ನಿಂತು ಮತ್ತೆ ಹರಿದಿತ್ತು. ದೊಡ್ಡ ಪಾರ್ಶ್ವವಾಯು ಬರುವ ಮೊದಲು ಬಾಗಿಲು ತಟ್ಟುವುದು ಹಾಗೆ, ಅಪಾಯ ಹೆಚ್ಚಾಗಿರುವುದು ಅನಂತರದ ಕೆಲವೇ ದಿನಗಳಲ್ಲಿ. ಅಂದೇ ಹಾಸನಕ್ಕೆ ಕರೆದುಕೊಂಡು ಹೋಗಿ ಎಂದು ನಾವು ಹೇಳುತ್ತಿದ್ದೆವು. ಹೇಳಲು ನಮಗೆ ತಿಳಿಯಲಿಲ್ಲ. ಶುಕ್ರವಾರ ರಾತ್ರಿ ಬಲಭಾಗ ಪೂರ್ತಿ ಬಿದ್ದುಹೋಯಿತು, ಮಾತೂ ಹೋಯಿತು. ಶನಿವಾರ ನಾವು ಎಂದಿನಂತೆ ಫೋನ್ ಮಾಡಿದಾಗ ಎತ್ತಿದವರು ಅಂಗಡಿಯವರು.

ಅಮ್ಮ 2004ರವರೆಗೆ ಇದ್ದರು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹಿಂದಿರುಗಿ ಬರುತ್ತಿದ್ದದ್ದು "ಹೂಂ" ಒಂದೇ. ಪಾರ್ಶ್ವವಾಯುವಿನ ಬಗ್ಗೆ ಎಷ್ಟೋ ಮಂದಿಗೆ ಉಪದೇಶ ಮಾಡಿದ್ದೇವೆ, ಈ ಪತ್ರಿಕೆಯಲ್ಲೂ ಬರೆದಿದ್ದೇವೆ. ಇದನ್ನು ಮಾತ್ರ ಬರೆದಿರಲಿಲ್ಲ. ಆ ಮಂಗಳವಾರದಿಂದ ಶುಕ್ರವಾರದವರೆಗೆ ಅಮ್ಮ ಯಾರನ್ನು ಕೂಗಿಕೊಂಡಿದ್ದರೋ ಎಂದು ಇಷ್ಟು ವರ್ಷದ ಮೇಲೆ ಒಂದು ಡಬ್ಬದ ಪರದೆಯ ಮುಂದೆ ನಿಂತಾಗ ಅನ್ನಿಸಿತು. ಹಳೆಯ ನಂಬರು ಬರೆದುಕೊಟ್ಟವರು ನಾವೇ.

* * *

ಔಷಧ ಒಂದೇ ಸಾಲಿನದು. ಸರ್ವರಿನಲ್ಲಿ 254 ಅಳಿಸಿ 1 ಎಂದು ಬರೆದೆವು. ಮೇಲಿನಿಂದ ಹುಡುಗಿ "ಬಂತು!" ಎಂದು ಕೂಗಿದ್ದು ಕಪಾಟಿನ ತನಕ ಕೇಳಿಸಿತು. ಎರಡು ಮಿಲಿಸೆಕೆಂಡಿನಲ್ಲಿ ಉತ್ತರ. ಗಂಟೆ ನಾಲ್ಕೂಕಾಲು.

ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಕುಳಿತರು. 1997ರಲ್ಲಿ ಊರಿನಿಂದ ಬರುವವರ ಕೈಯಲ್ಲಿ ಅಮ್ಮ ಕಳಿಸಿದ್ದ ಒಂದು ಕ್ಯಾಸೆಟ್ಟೂ ಆ ಡಬ್ಬದಲ್ಲಿದೆ. ಎತ್ತಿನ ಗಾಡಿಯಲ್ಲಿ ರಾಮನಾಥಪುರಕ್ಕೆ ಹೋಗಿ ಹೊಳೆಯ ಮೀನುಗಳಿಗೆ ಪುರಿ ಹಾಕಿದ ಕಥೆ. ಅದು ಯಾವ ಮಗುವಿನ ಪಾಲಿಗೆ ಬಂದಿದೆಯೆಂದು ನಾವು ನೋಡಿರಲಿಲ್ಲ. ಏಳು ವರ್ಷದ ಒಬ್ಬ ಹುಡುಗ ಹೆಡ್‌ಫೋನ್ ಸರಿಸಿ, "ಡಾಕ್ಟರೇ, ಈ ಅಜ್ಜಿ ಕೊನೇಲಿ 'ಕೇಳಿಸ್ತಾ?' ಅಂತ ಕೇಳ್ತಾರೆ. ನಾನು ಏನಾದರೂ ಹೇಳಬೇಕಾ?" ಎಂದ. ಹೂಂ ಅನ್ನು ಎಂದೆವು. ಅವನು ಗಂಭೀರವಾಗಿ ಲ್ಯಾಪ್‌ಟಾಪಿನ ಕಡೆ ತಿರುಗಿ "ಹೂಂ" ಎಂದ. ಐದು ಸಾಲಿನ ಬದಲು ಮೂರೇ ಸಾಲು ಬರೆದ. ಮೂರರಲ್ಲೂ ಮೀನು ಇತ್ತು.

ಈಗ ಸದಸ್ಯ ಕುಟುಂಬಗಳಿಗೆ ನಮ್ಮ ಚೀಟಿ. ಡಾಕ್ಟರು ಎಂದ ಮೇಲೆ ಚೀಟಿ ಇಲ್ಲದೆ ಕಳಿಸುವಂತಿಲ್ಲ.

ಮನೆಯಲ್ಲಿ ಒಂದು ಕಂಪ್ಯೂಟರ್ ಇನ್ನೊಂದನ್ನು ಕಾಣುವುದಿಲ್ಲ ಎಂದಾದರೆ ಎಲ್ಲವನ್ನೂ ಒಟ್ಟಿಗೆ ಆರಿಸಿ ಹಾಕಬೇಡಿ. ಇತ್ತೀಚೆಗೆ ಏನು ಬದಲಾಯಿತು ಎಂದು ಮೊದಲು ಕೇಳಿ, ಏನೂ ಇಲ್ಲ ಎಂದರೆ ಇನ್ನೊಮ್ಮೆ ಕೇಳಿ. ಎರಡೂ ಯಂತ್ರಗಳ ವಿಳಾಸವನ್ನು ಕಾಗದದ ಮೇಲೆ ಬರೆದು ಒಂದೇ ಓಣಿಯೋ ಬೇರೆಯೋ ನೋಡಿ. ಹತ್ತಿರದ ಬಾಗಿಲಿನಿಂದ ಶುರು ಮಾಡಿ ಒಂದೊಂದನ್ನೇ ಪಿಂಗ್ ಮಾಡಿ. ಉತ್ತರ ಬರದಿದ್ದರೆ ಆ ಕಡೆಯ ಯಂತ್ರ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಎದ್ದು ಅದರ ಹತ್ತಿರ ಹೋಗಿ, ಅಲ್ಲಿಂದ ಇತ್ತ ಪಿಂಗ್ ಮಾಡಿ. ಅದರ ಗೇಟ್‌ವೇ ಯಾವುದೆಂದು ಓದಿ. ರೂಟರ್ ಬದಲಿಸಿದ ದಿನ, ಕೈಯಾರೆ ವಿಳಾಸ ಬರೆದಿಟ್ಟ ಯಂತ್ರಗಳನ್ನೆಲ್ಲ ನೆನಪಿನಿಂದ ತಿದ್ದಿ. ಪ್ರಿಂಟರುಗಳು ಮುಖ್ಯವಾಗಿ.

ಎರಡನೆಯ ಚೀಟಿ ಊರಿನ ಮನೆಗೆ. ಈಗ ಎಲ್ಲರ ತಂದೆತಾಯಿಯ ಕೈಯಲ್ಲೂ ಮೊಬೈಲು ಇದೆ, ಮುಖ ನೋಡಿ ಮಾತಾಡುತ್ತೇವೆ, ನಮ್ಮ ಕಾಲದ ಕಷ್ಟವಿಲ್ಲ ಎನ್ನುತ್ತೀರಿ. ನಿಜ. ಆದರೂ ಈ ವಾರ ನೀವು ಫೋನ್ ಮಾಡಬೇಡಿ. ಅವರಿಂದಲೇ ಮಾಡಿಸಿ. ನೀವು ಪಕ್ಕದಲ್ಲಿ ಕುಳಿತು ಹೇಳಿಕೊಡದೆ, ಅವರೊಬ್ಬರೇ, ಅವರ ಫೋನಿನಿಂದ ನಿಮ್ಮ ಫೋನಿಗೆ. ನಮ್ಮ ಪರಿಚಯದವರಲ್ಲಿ ಹೀಗೆ ಮಾಡಿಸಿ ನೋಡಿದಾಗ ಒಬ್ಬರ ಅಪ್ಪನ ಫೋನಿನಲ್ಲಿ ಮಗನ ಹಳೆಯ ನಂಬರು ಇತ್ತು. ಇನ್ನೊಬ್ಬರ ಅಮ್ಮನಿಗೆ ಬಂದ ಕರೆ ಎತ್ತಲು ಬರುತ್ತಿತ್ತು, ಮಾಡಲು ಬರುತ್ತಿರಲಿಲ್ಲ. ನಿಮ್ಮ ನಂಬರನ್ನೂ ಪಕ್ಕದ ಮನೆಯವರ ನಂಬರನ್ನೂ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಮುಖ ಒಂದು ಕಡೆಗೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಹತ್ತು ನಿಮಿಷದಲ್ಲಿ ಸರಿಹೋದರೂ ಸರಿಯೇ, ಭಾನುವಾರಕ್ಕೆ ಕಾಯಬಾರದು, ನಿಮಗೂ ಕಾಯಬಾರದು ಎಂದು ಹೇಳಿಡಿ. ಕರ್ನಾಟಕದಲ್ಲಿ 2008ರಿಂದ 108ಕ್ಕೆ ಕರೆದರೆ ಆಂಬುಲೆನ್ಸ್ ಬರುತ್ತದೆ. ಇಲ್ಲಿ 112. ರಕ್ತದ ಹೆಪ್ಪು ಕರಗಿಸುವ ಔಷಧ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದು. ಆದ್ದರಿಂದ ಯಾವಾಗ ಶುರುವಾಯಿತು ಎಂಬ ಹೊತ್ತನ್ನು ನೋಡಿಟ್ಟುಕೊಳ್ಳಲು ಹೇಳಿ.

ಸರ್ವರ್ ಕ್ಷೇಮವಾಗಿದೆ. ಕಪಾಟಿನ ಬಾಗಿಲಿಗೆ ಅದರ ವಿಳಾಸ, ಗೇಟ್‌ವೇ ಎರಡನ್ನೂ ಬರೆದ ಚೀಟಿ ಅಂಟಿಸಿದ್ದೇವೆ, ದಯವಿಟ್ಟು ಕೀಳಬೇಡಿ. ಹಳೆಯ ಕ್ಯಾಸೆಟ್‌ಗಳು ಇನ್ನೂ ಯಾರ ಮನೆಯಲ್ಲಾದರೂ ಇದ್ದರೆ ಮುಂದಿನ ತಿಂಗಳ ತರಗತಿಗೆ ತನ್ನಿ, ಇಳಿಸಿಕೊಡುತ್ತೇವೆ. ಬಿಸಿಬೇಳೆಬಾತ್ ಮಾತ್ರ ಅಂದು ಸ್ವಲ್ಪ ತಳ ಹಿಡಿದಿತ್ತು. ಸೌಟು ಹಿಡಿದವರು ಕಪಾಟಿನ ಮುಂದೆ ನಿಂತದ್ದೇ ಅದಕ್ಕೆ ಕಾರಣ, ಅಡಿಗೆಯವರ ತಪ್ಪಲ್ಲ ಎಂದು ಇಲ್ಲಿ ದಾಖಲಿಸುತ್ತೇವೆ.

ಎಲ್ಲರಿಗೂ ಹಬ್ಬದ ಶುಭಾಶಯಗಳು.